ಪತ್ತನಾಜೆಗೆ ಮೊದಲು ಬನ್ನಿ
ಬೇಸಿಗೆ ರಜೆಗೆ ಸುರತ್ಕಲ್ ಕಡೆ ಹೊರಟಿರುವ ಘಟ್ಟದ ಮೇಲಿನವರಿಗೆ ಒಂದು ಬಹಿರಂಗ ಪತ್ರ

ಘಟ್ಟದ ಮೇಲಿನ ಬಂಧುಗಳೇ,

ಮಕ್ಕಳ ಪರೀಕ್ಷೆ ಮುಗಿಯುವುದೇ ತಡ, ನಿಮ್ಮ ಫೋನುಗಳು ಶುರು. ಬೆಂಗಳೂರಿರಲಿ, ದಾವಣಗೆರೆಯಿರಲಿ, ಹುಬ್ಬಳ್ಳಿಯಿರಲಿ, ಪಟ್ಟಿ ಮಾತ್ರ ಒಂದೇ. ಹಡಗು ನೋಡಬೇಕು, ಲೈಟ್‌ಹೌಸ್ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಮೀನೂಟ ಆಗಬೇಕು, ರಾತ್ರಿ ‘ಕಾಂತಾರ’ ಸಿನಿಮಾದಲ್ಲಿ ಕಂಡಂಥ ಒಂದು ದೈವದ ಕೋಲ, ಸಾಧ್ಯವಾದರೆ ಬೀದಿಯಲ್ಲಿ ಹುಲಿವೇಷ. ಇರುವುದು ಎರಡು ಮೂರು ದಿನದ ರಜೆ. ಪಟ್ಟಿಯ ಮೊದಲರ್ಧಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದು. ಉಳಿದರ್ಧಕ್ಕೆ ಒಂದು ಪತ್ರವೇ ಬೇಕು.

ನೇರವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ವೇಷ ಬೀದಿಗಿಳಿಯುವುದು ಪ್ರವಾಸಿಗರ ರಜೆ ನೋಡಿಕೊಂಡಲ್ಲ. ಅದಕ್ಕೊಂದು ತಿಂಗಳಿದೆ, ಹಿಂದೊಂದು ಹರಕೆಯಿದೆ, ಖರ್ಚು ಹೊರುವ ಒಂದು ಮನೆಯಿದೆ. ನೋಡಲು ಬಂದವರು ಯಾರೇ ಆಗಲಿ, ಆ ಮನೆಯ ನೆಂಟರು. ಇಷ್ಟನ್ನು ತಿಳಿದು ಬಂದರೆ ಏಪ್ರಿಲ್, ಮೇ ತಿಂಗಳ ಸುರತ್ಕಲ್ ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ತಿಳಿಯದೆ ಬಂದರೆ ಮರಳು, ಬಿಸಿಲು, ಟ್ರಾಫಿಕ್ಕು ಇಷ್ಟೇ ನೋಡಿ ವಾಪಸಾಗುತ್ತೀರಿ.

ಬಂದರು ನಗರ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆಯೂ ಒಂದು ಚಿತ್ರ ಬರುತ್ತದೆ. ಸಿಡ್ನಿಯ ಸರ್ಕ್ಯುಲರ್ ಕೀಯಲ್ಲಿ ದೋಣಿಕಟ್ಟೆಯ ಪಕ್ಕದಲ್ಲೇ ಹಾಡುವವರು, ಬಾರ್ಸಿಲೋನಾದ ಲಾ ರಾಂಬ್ಲಾದಲ್ಲಿ ಮೈಗೆಲ್ಲ ಬಣ್ಣ ಬಳಿದುಕೊಂಡು ಅಲ್ಲಾಡದೆ ನಿಲ್ಲುವವರು, ಎದುರಿಗೊಂದು ಟೋಪಿ ಇಲ್ಲವೇ ಡಬ್ಬಿ. ಅವರಿಗೆ ಬೇಸಿಗೆಯೇ ಸುಗ್ಗಿ. ಪ್ರವಾಸಿಗರು ಬಂದರೆ ಸಂಪಾದನೆ, ಬಾರದಿದ್ದರೆ ಇಲ್ಲ. ಆ ಚಿತ್ರವನ್ನು ಮಂಗಳೂರಿಗೆ ಹೊತ್ತು ತರಬೇಡಿ. ನಮ್ಮ ಬಂದರೂ ಅಂಥದ್ದಲ್ಲ, ಕಲಾವಿದರೂ ಅಂಥವರಲ್ಲ.

ಬಂದರಿನ ಸಂಗತಿಯನ್ನು ಮೊದಲು ಹೇಳಿ ಮುಗಿಸುತ್ತೇನೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕಡಲು ಸೇರುವಲ್ಲಿರುವುದು ಹಳೆ ಬಂದರು. ಅರಬರು, ಯಹೂದಿ ವ್ಯಾಪಾರಿಗಳು ಬಂದು ಹೋದದ್ದು, 14ನೇ ಶತಮಾನದಲ್ಲಿ ಇಬ್ನ್ ಬತೂತ ಕಂಡದ್ದು ಆ ಮಂಗಳೂರನ್ನು. ಈಗ ಅಲ್ಲಿ ಮೀನುಗಾರಿಕೆಯ ದಕ್ಕೆ, ಮಂಜಿ ಎಂಬ ಮರದ ಹಡಗುಗಳು, ಹಂಚಿನ ಮಾಡಿನ ಗೋದಾಮುಗಳು. ಸುರತ್ಕಲ್‌ನಿಂದ ತೆಂಕಕ್ಕೆ ಕುಳಾಯಿ, ಬೈಕಂಪಾಡಿ ದಾಟಿದರೆ ಸಿಗುವ ಪಣಂಬೂರಿನದು ಹೊಸತು. ಕಡಲ ಕರೆಯ ನೆಲವನ್ನೇ ಅಗೆದು ನೀರು ಒಳಗೆ ಬಿಟ್ಟು ಮಾಡಿದ ಬಂದರು ಅದು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕಚ್ಚಾ ತೈಲ, ಅನಿಲ, ಕಲ್ಲಿದ್ದಲು, ಕಾಫಿ ಎಲ್ಲವೂ ಅಲ್ಲಿಂದಲೇ ಬರಬೇಕು, ಹೋಗಬೇಕು. ಆದರೆ ಅದು ಗೋಡೆ, ಗೇಟು, ಪಾಸುಗಳ ಲೋಕ. ಹಡಗು ಕಾಣಬೇಕೆಂದರೆ ಪಣಂಬೂರು ಬೀಚಿನಲ್ಲಿ ನಿಲ್ಲಿ. ಸರದಿ ಕಾಯುತ್ತ ನಡುಗಡಲಲ್ಲಿ ಲಂಗರು ಹಾಕಿದ ಹಡಗುಗಳು ಸಾಲಾಗಿ ಕಾಣುತ್ತವೆ.

ಆ ಗೋಡೆಯ ಒಳಗಿನ ನೆಲ ಒಂದು ಕಾಲಕ್ಕೆ ಊರಾಗಿತ್ತು ಎಂಬುದು ನಿಮಗೆ ಗೊತ್ತಿರಲಿ. ಬಂದರಿಗಾಗಿ ಮನೆ, ಗದ್ದೆ, ತೆಂಗಿನ ತೋಟ ಬಿಟ್ಟುಕೊಟ್ಟವರನ್ನು ಕಾಟಿಪಳ್ಳ, ಕೃಷ್ಣಾಪುರದ ಗುಡ್ಡಗಳಿಗೆ ಕಳಿಸಿದರು. ಮುಂದೆ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ ಬಂದಾಗ ಇನ್ನಷ್ಟು ಊರುಗಳು ನೆಲ ಬಿಟ್ಟು ಎದ್ದವು. ಎದ್ದವರು ಮನೆಸಾಮಾನಿನ ಜೊತೆಗೆ ದೈವಗಳನ್ನೂ, ವರ್ಷಾವಧಿ ನೇಮದ (ನೀವು ಹೇಳುವ ಕೋಲದ) ಕಟ್ಟುಕಟ್ಟಳೆಗಳನ್ನೂ ಹೊತ್ತು ನಡೆದರು. ಕಾಲನಿಯ ರಸ್ತೆಯೊಂದರಲ್ಲಿ ರಾತ್ರಿಯಿಡೀ ವಾದ್ಯದ ಸದ್ದು ಕೇಳಿದರೆ, ಎದ್ದು ಬಂದ ಊರೊಂದು ತನ್ನ ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತಿದೆ ಎಂದು ತಿಳಿಯಿರಿ.

ಇನ್ನು ನಿಮ್ಮ ಹುಲಿ. ಹುಲಿವೇಷ ನವರಾತ್ರಿಯದ್ದು. ನಾವು ಮಾರ್ನೆಮಿ ಎನ್ನುವ ಆ ದಿನಗಳಲ್ಲಿ ತಾಸೆ ವಾದ್ಯದ ಬಡಿತಕ್ಕೆ ಮಂಗಳೂರಿನ ಬೀದಿ ಬೀದಿಯಲ್ಲೂ ಹುಲಿ ಏಳುತ್ತದೆ. ಬಣ್ಣ ಒಣಗುವ ತನಕ ಕೈಕಾಲು ಅಗಲಿಸಿ ನಿಲ್ಲಬೇಕು, ಒಮ್ಮೆ ಹಚ್ಚಿದ ಮೇಲೆ ಸರಿಯಾಗಿ ಮಲಗುವ ಹಾಗಿಲ್ಲ. ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವ ಹುಲಿಯನ್ನು ನೋಡಬೇಕಿದ್ದರೆ ದಸರೆಗೇ ಬನ್ನಿ. ದುಡ್ಡು ಕೊಟ್ಟರೆ ಮೇ ತಿಂಗಳಲ್ಲೂ ಇವೆಂಟಿನವರು ನಾಲ್ಕು ಹುಲಿ ಕುಣಿಸಿಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ವಿದೇಶೀ ಪ್ರವಾಸಿ ಹಡಗು ಪಣಂಬೂರಿಗೆ ಬಂದ ದಿನ ಸ್ವಾಗತಕ್ಕೆ ಚೆಂಡೆ, ಯಕ್ಷಗಾನದ ಕಿರೀಟ, ಕೆಲವೊಮ್ಮೆ ಹುಲಿ ಎಲ್ಲ ನಿಲ್ಲುವುದೂ ಉಂಟು. ಕಲಾವಿದನಿಗೆ ಒಂದು ದಿನದ ಸಂಭಾವನೆ ಸಿಕ್ಕಿದರೆ ನಮಗೇನೂ ತಕರಾರಿಲ್ಲ. ಆದರೆ ಅದು ಬಂದವರಿಗೆ ತೋರಿಸುವ ಸ್ಯಾಂಪಲ್ಲು. ಬಿಸಿಲಲ್ಲಿ ಕಾಲು ಗಂಟೆ ಕುಣಿದು ಬಸ್ಸು ಹೊರಟ ಮೇಲೆ ಮರದ ನೆರಳಿಗೆ ಹೋಗಿ ಕೂರುವ ಹುಲಿಯನ್ನು ನೋಡಿ ‘ಕರಾವಳಿಯ ಹುಲಿವೇಷ ನೋಡಿದೆವು’ ಎನ್ನಬೇಡಿ.

ಹುಲಿಯೊಂದೇ ಅಲ್ಲ, ಎಲ್ಲದಕ್ಕೂ ಇಲ್ಲಿ ದಿನ ಗೊತ್ತು ಮಾಡಿದೆ. ಜಡಿಮಳೆಯ ಆಟಿ ತಿಂಗಳಲ್ಲಿ ತೆಂಗಿನ ತಿರಿ ಉಟ್ಟು, ಓಲೆಕೊಡೆ ತಿರುಗಿಸುತ್ತ ಮನೆಯಂಗಳಕ್ಕೆ ಬರುವವನು ಆಟಿ ಕಳೆಂಜ. ಊರಿನ ಮಾರಿ ಕಳೆಯುವುದು ಅವನ ಕೆಲಸ, ಅಕ್ಕಿ, ತೆಂಗಿನಕಾಯಿ, ಉಪ್ಪು, ಹುಳಿ ಕೊಡುವುದು ಮನೆಯವರ ಕೆಲಸ. ಮುಂದಿನ ತಿಂಗಳು ಸೋಣ, ಅದಕ್ಕೆ ಸೋಣದ ಜೋಗಿ. ಮಳೆಗಾಲದ ಸಂಜೆಗಳಲ್ಲಿ ಎರಡು ವೇಷ, ಒಬ್ಬ ಭಾಗವತ, ಮದ್ದಳೆ, ಚೆಂಡೆ ಇಟ್ಟುಕೊಂಡು ಮನೆಮನೆಗೆ ಬರುವುದು ಚಿಕ್ಕಮೇಳ. ಹಾಗಾದರೆ ಬೇಸಿಗೆಗೆ ಏನುಂಟು ಎಂದು ಕೇಳುತ್ತೀರಿ. ಬೇಸಿಗೆಗೆ ಯಕ್ಷಗಾನದ ಆಟ ಉಂಟು, ನೇಮ ಉಂಟು. ದೀಪಾವಳಿ ಹೊತ್ತಿಗೆ ತೊಡಗಿ ಪತ್ತನಾಜೆಯ ತನಕ ಅವುಗಳದ್ದೇ ರಾಜ್ಯಭಾರ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ, ಕ್ಯಾಲೆಂಡರಿನಲ್ಲಿ ಮೇ 24 ಅಥವಾ 25. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ಮುಗಿಯುತ್ತವೆ. ವಾರ ಕಳೆದು ಜೂನ್ 1ಕ್ಕೆ ಯಾಂತ್ರಿಕ ಬೋಟುಗಳೂ ದಡ ಸೇರುತ್ತವೆ, ಎರಡು ತಿಂಗಳು ಕಡಲಿಗಿಳಿಯುವಂತಿಲ್ಲ. ಮೇ ಕೊನೆಗೋ ಜೂನಿಗೋ ರೂಮು ಬುಕ್ ಮಾಡಿ, ‘ಎಲ್ಲಿ ನಿಮ್ಮ ಯಕ್ಷಗಾನ, ಎಲ್ಲಿ ಅಂಜಲ್ ಮೀನು’ ಎಂದು ಕೇಳಿದರೆ ನಾವು ಎಲ್ಲಿಂದ ತರುವುದು?

ಆಟದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಿಮ್ಮಲ್ಲಿ ಹೆಚ್ಚಿನವರು ಯಕ್ಷಗಾನ ನೋಡಿದ್ದು ರವೀಂದ್ರ ಕಲಾಕ್ಷೇತ್ರದಂಥ ಸಭಾಂಗಣದಲ್ಲಿ, ಎರಡೂವರೆ ಗಂಟೆ, ಕುರ್ಚಿಯಲ್ಲಿ ಕೂತು. ಬಯಲಾಟದ ದಾರಿಯೇ ಬೇರೆ. ಮಗನಿಗೆ ಕೆಲಸ ಸಿಕ್ಕಿದರೆ, ಹೆಂಡತಿಯ ಕಾಯಿಲೆ ವಾಸಿಯಾದರೆ, ಮನೆ ಕಟ್ಟಿ ಮುಗಿದರೆ ಒಂದು ಆಟ ಆಡಿಸುತ್ತೇನೆ ಎಂದು ಇಲ್ಲಿನವರು ಹೇಳಿಕೊಳ್ಳುತ್ತಾರೆ. ಕಟೀಲಿನ ದುರ್ಗಾಪರಮೇಶ್ವರಿಗೆ ಹೇಳಿಕೊಂಡ ಹರಕೆಗಳು ಎಷ್ಟೆಂದರೆ, ಕ್ಷೇತ್ರದಿಂದ ಹಲವು ಮೇಳಗಳು ಹೊರಟು ದಿನವೂ ಒಂದೊಂದು ಊರಿನಲ್ಲಿ ಆಡಿದರೂ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಅಪ್ಪ ಹೇಳಿಕೊಂಡ ಆಟವನ್ನು ಮಗ ಆಡಿಸುವುದು ಇಲ್ಲಿ ಹೊಸ ಸುದ್ದಿಯಲ್ಲ.

ಸರದಿ ಬಂದ ದಿನ ಮನೆಯೆದುರಿನ ಗದ್ದೆ, ಗದ್ದೆಯಿಲ್ಲದಿದ್ದರೆ ಶಾಲೆಯ ಮೈದಾನ, ಅದೂ ಇಲ್ಲದಿದ್ದರೆ ರಸ್ತೆಯೇ ರಂಗಸ್ಥಳ. ಮಧ್ಯಾಹ್ನ ಮೇಳದ ವಾಹನಗಳು ಬರುತ್ತವೆ. ಕಂಬ ನಿಲ್ಲುತ್ತದೆ, ದೀಪ ಕಟ್ಟುತ್ತಾರೆ, ವೇಷ ಕಟ್ಟುವ ಚೌಕಿಗೆ ಪೆಟ್ಟಿಗೆಗಳು ಇಳಿಯುತ್ತವೆ. ಸಂಜೆಗೆ ಊಟದ ಚಪ್ಪರದಲ್ಲಿ ಪಂಕ್ತಿ ಶುರು. ಮೇಳಕ್ಕೆ ಕೊಡುವ ವೀಳ್ಯ, ಊಟ, ಚಪ್ಪರ, ದೀಪ ಎಲ್ಲ ಸೇರಿ ಖರ್ಚು ಲಕ್ಷಗಳಲ್ಲಿ. ಇಷ್ಟೆಲ್ಲ ಮಾಡಿದ ಮನೆಯ ಯಜಮಾನ ಗೇಟಿನಲ್ಲಿ ನಿಂತು ‘ಊಟ ಆಯ್ತಾ?’ ಎಂದು ಕೇಳುತ್ತಾನೆ. ನೀವು ಯಾರು, ಯಾವ ಊರು, ಆಮಂತ್ರಣ ಇದೆಯೇ ಎಂದು ಅವನು ಕೇಳುವುದಿಲ್ಲ. ಟಿಕೆಟ್ಟು ಇಲ್ಲ. ಟೋಪಿ ಇಡುವವರೂ ಇಲ್ಲ.

ಸಂಜೆಯೇ ಹೋಗಿ ಚೌಕಿ ನೋಡಿ. ಚಪ್ಪಲಿ ಹೊರಗೆ ಬಿಡಿ, ಒಳಗೆ ದೇವರಿದೆ. ವೇಷಧಾರಿಗಳು ನೆಲದ ಮೇಲೆ ಕಾಲು ಮಡಚಿ, ಕೈಗನ್ನಡಿ ಎದುರಿಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ಮುಖವರ್ಣಿಕೆಗೆ ಬೇರೆ ಮೇಕಪ್ಪಿನವರಿಲ್ಲ, ಅವರವರ ಮುಖ ಅವರವರದೇ ಕೈಕೆಲಸ. ಮೂಲೆಯಲ್ಲಿ ಕೂತ ಬಣ್ಣದ ವೇಷದವರನ್ನು ಮರೆಯದೆ ಗಮನಿಸಿ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಬಿಳಿ ಹಿಟ್ಟನ್ನು ಸಪೂರ ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಮುಳ್ಳುಮುಳ್ಳಾಗಿ ಇಡುತ್ತಾರೆ. ಇದಕ್ಕೆ ಚುಟ್ಟಿ ಇಡುವುದು ಎನ್ನುತ್ತಾರೆ. ಒಂದು ಸಾಲು ಒಣಗಬೇಕು, ಆಮೇಲೆ ಅದರ ಮೇಲೆ ಇನ್ನೊಂದು. ಸೆಕೆಗೆ ಬೆವರಿದರೆ ಹಿಟ್ಟು ಜಾರುತ್ತದೆ, ಮಾತಾಡಿದರೆ ಬಿರಿಯುತ್ತದೆ. ಆದ್ದರಿಂದ ಆ ಎರಡು ಮೂರು ಗಂಟೆ ಅವರು ಮಾತೂ ಆಡುವುದಿಲ್ಲ, ಮುಖವೂ ಅಲ್ಲಾಡಿಸುವುದಿಲ್ಲ. ಆಗ ಹೋಗಿ ‘ಸರ್, ಒಂದು ಸೆಲ್ಫಿ’ ಎನ್ನಬೇಡಿ ದಯವಿಟ್ಟು. ದೂರದಿಂದ ನೋಡಿ. ಮನುಷ್ಯನ ಮುಖವೊಂದು ಸ್ವಲ್ಪ ಸ್ವಲ್ಪವೇ ಅಸುರನದಾಗುವುದನ್ನು ಯಾವ ಸಭಾಂಗಣವೂ ನಿಮಗೆ ತೋರಿಸುವುದಿಲ್ಲ.

‘ಶ್ರೀ ದೇವೀ ಮಹಾತ್ಮೆ’ ಪ್ರಸಂಗ ಇದ್ದರೆ ಬಿಡಲೇಬೇಡಿ. ಮಹಿಷಾಸುರ ರಂಗಸ್ಥಳದ ತೆರೆ ಸರಿಸಿ ಬರುವವನಲ್ಲ. ರಸ್ತೆಯ ಆ ಕೊನೆಯಿಂದ ಬರುತ್ತಾನೆ. ಮೊದಲು ದೂರದಲ್ಲಿ ದೊಂದಿಗಳ ಬೆಳಕು, ರಾಳದ ಪುಡಿ ಎರಚಿದಾಗ ಭಗ್ಗೆಂದು ಏಳುವ ಬೆಂಕಿ, ಪಟಾಕಿ, ಕೂಗು. ಆಮೇಲೆ ಚೆಂಡೆಯ ಪೆಟ್ಟು ಏರುತ್ತಿದ್ದಂತೆ ಎರಡು ದೊಡ್ಡ ಕೋಡುಗಳು ಜನರ ತಲೆಯ ಮೇಲಿಂದ ಕಾಣತೊಡಗುತ್ತವೆ. ಕೂತವರು ಎದ್ದು ದಾರಿ ಬಿಡುತ್ತಾರೆ, ಮಕ್ಕಳು ಅಮ್ಮಂದಿರ ಹಿಂದೆ ಅಡಗುತ್ತಾರೆ, ಚರುಮುರಿ ಗಾಡಿಯವನು ಕೈಕೆಲಸ ಬಿಟ್ಟು ನಿಲ್ಲುತ್ತಾನೆ. ಜನರ ನಡುವೆ ಹೆಜ್ಜೆ ಹಾಕಿ, ಗುಟುರು ಹಾಕಿ, ಕೊನೆಗೆ ರಂಗಸ್ಥಳ ಏರಿದ ಮೇಲೆ ಅವನು ಆಡುವ ಮಾತು ಅಚ್ಚ ಕನ್ನಡ. ಹಗಲಿಡೀ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಊರಿನಲ್ಲಿ ರಾತ್ರಿಗೆ ಅಸುರರೂ ದೇವತೆಗಳೂ ಕನ್ನಡದಲ್ಲಿ ವಾದಿಸುತ್ತಾರೆ. ಬಾಯಿತಪ್ಪಿ ಒಂದು ಇಂಗ್ಲಿಷ್ ಪದ ಬಂದರೆ ಸಭೆಯಲ್ಲಿ ಕೂತ ಹಿರಿಯರು ಕ್ಷಮಿಸುವುದಿಲ್ಲ. ಬರೆದುಕೊಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥ ಆ ಕ್ಷಣಕ್ಕೆ ಹುಟ್ಟಬೇಕು. ನಿಮ್ಮ ಮಕ್ಕಳು ಕನ್ನಡ ಮಾಧ್ಯಮದವರಲ್ಲದಿದ್ದರೂ ಚಿಂತೆಯಿಲ್ಲ, ಕರೆದುಕೊಂಡು ಬನ್ನಿ. ಒಂದು ರಾತ್ರಿ ಇಷ್ಟು ಕನ್ನಡ ಕಿವಿಗೆ ಬೀಳುವ ಜಾಗ ಬೇರೆ ಸಿಗಲಿಕ್ಕಿಲ್ಲ.

ಆಟ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಇಲ್ಲಿನ ದಿನಪತ್ರಿಕೆಗಳಲ್ಲಿ ಇಂದಿನ ಯಕ್ಷಗಾನ ಎಂದು ದಿನವೂ ಪಟ್ಟಿ ಬರುತ್ತದೆ: ಮೇಳ, ಊರು, ಪ್ರಸಂಗ. ಕಟೀಲು, ಪಾವಂಜೆ, ಸಸಿಹಿತ್ಲು ಮೇಳಗಳು ಸುರತ್ಕಲ್‌ಗೆ ಹತ್ತಿರದವು. ಕೆಲವು ಆಟಗಳು ಬೆಳಗಿನ ತನಕ ನಡೆಯುತ್ತವೆ, ಕೆಲವು ಕಾಲಮಿತಿಯವು, ನಡುರಾತ್ರಿಯ ಆಚೀಚೆ ಮಂಗಳ. ಧ್ವನಿವರ್ಧಕದ ಕಾನೂನು ಬಂದ ಮೇಲೆ ಈ ವಿಷಯಕ್ಕೆ ಇಲ್ಲಿ ಸಾಕಷ್ಟು ವಾದವಿವಾದ ಆಗಿದೆ. ನಿದ್ದೆಗೆಡುವುದು ನಿಮ್ಮಿಂದಾಗದಿದ್ದರೆ ಕಾಲಮಿತಿಯ ಆಟಕ್ಕೇ ಹೋಗಿ.

ಸುರತ್ಕಲ್ ಎಂದರೆ ಘಟ್ಟದ ಮೇಲಿನವರಿಗೆ ಎನ್‌ಐಟಿಕೆ. 1960ರಲ್ಲಿ ಕೆಆರ್‌ಇಸಿಯಾಗಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಅದು, 2002ರಲ್ಲಿ ಹೆಸರು ಬದಲಾಯಿತು. ಯಕ್ಷಗಾನ ನೋಡಿ ಬೆಳೆದವರಿಗೆ ಸುರತ್ಕಲ್ ಎಂದರೆ ಮೊದಲು ನೆನಪಾಗುವುದು ಮಹಮ್ಮಾಯಿ ಮೇಳ. ಕಸ್ತೂರಿ ಪೈ ಮನೆತನದವರು ನಡೆಸಿದ ಡೇರೆ ಮೇಳ ಅದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಾತಿನ ಮಲ್ಲರು ಅದರಲ್ಲಿ ವೇಷ ಕಟ್ಟಿದ್ದರು, ಅಗರಿ ರಘುರಾಮ ಭಾಗವತರ ಪದಕ್ಕೆ ಡೇರೆ ತುಂಬುತ್ತಿತ್ತು. ಆ ಕಾಲದ ಡೇರೆ ಮೇಳಗಳು ಘಟ್ಟ ಹತ್ತಿ ಮಲೆನಾಡಿಗೂ ಬರುತ್ತಿದ್ದವು, ನಿಮ್ಮ ಅಜ್ಜ ಅಜ್ಜಿಯರು ಟಿಕೆಟ್ಟು ಕೊಂಡು ನೋಡಿರಲೂಬಹುದು. ಟಿ.ವಿ. ಮನೆಮನೆಗೆ ಬಂತು, ಡೇರೆಗಳು ಒಂದೊಂದಾಗಿ ಇಳಿದವು, ಸುರತ್ಕಲ್ ಮೇಳವೂ ನಿಂತಿತು. ಟಿಕೆಟ್ಟಿನ ಆಟ ಸೋತು ಹೋದರೂ ಹರಕೆಯ ಆಟ ಉಳಿಯಿತು, ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ಪ್ರವಾಸೋದ್ಯಮದ ಲೆಕ್ಕ ಹಾಕುವವರು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ನೋಡುವವನ ಜೇಬು ನಂಬಿದ ಕಲೆಗಿಂತ ಆಡಿಸುವವನ ನಂಬಿಕೆಯ ಮೇಲೆ ನಿಂತ ಕಲೆ ಇಲ್ಲಿ ಹೆಚ್ಚು ಗಟ್ಟಿಯಾಗಿ ನಿಂತಿದೆ.

ಈಗ ಕೋಲದ ಮಾತು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ನಿಮ್ಮ ಕಡೆಯಿಂದ ಇದಕ್ಕೆ ಬೇಡಿಕೆ ಜೋರಾಗಿದೆ. ಬರಬೇಡಿ ಎಂದು ಹೇಳುವುದಿಲ್ಲ, ನೇಮದ ಅಂಗಳಕ್ಕೆ ಬಂದವರನ್ನು ಯಾರೂ ಹೊರಗೆ ಹಾಕುವುದಿಲ್ಲ. ಆದರೆ ಅದನ್ನು ಪ್ರದರ್ಶನ ಎಂದುಕೊಂಡು ಬರಬೇಡಿ. ಆಟದಲ್ಲಿ ಮಹಿಷಾಸುರ ಬಣ್ಣ ತೆಗೆದ ಮೇಲೆ ನಿಮ್ಮ ಜೊತೆ ಚಹಾ ಕುಡಿಯುತ್ತಾನೆ. ನೇಮದಲ್ಲಿ ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಏರಿಸಿ ನಿಂತವರ ಎದುರು ಊರಿನ ಜನ ಕೈಮುಗಿದು ತಮ್ಮ ಜಗಳ, ಕಾಯಿಲೆ, ಕಳವು ಎಲ್ಲ ಹೇಳಿಕೊಳ್ಳುತ್ತಾರೆ, ತೀರ್ಪು ಕೇಳುತ್ತಾರೆ. ಅದು ಅವರ ನ್ಯಾಯಸ್ಥಾನ. ನಡುವೆ ನುಗ್ಗಿ ಫ್ಲ್ಯಾಶ್ ಹಾಕುವುದು, ರೀಲ್ಸಿಗೆಂದು ದೈವಕ್ಕೆ ಬೆನ್ನು ಹಾಕಿ ನಿಲ್ಲುವುದು, ಊರಿಗೆ ಹೋಗಿ ಶಾಲೆಯ ವಾರ್ಷಿಕೋತ್ಸವದಲ್ಲಿ ಮಗುವಿಗೆ ದೈವದ ವೇಷ ಹಾಕಿಸಿ ಕೂಗಿಸುವುದು ಇವು ಮೂರೂ ಬೇಡ.

ಇಲ್ಲಿನ ದೈವಗಳಲ್ಲಿ ಒಂದರ ಕಥೆ ಕೇಳಿ. ಸುರತ್ಕಲ್‌ನಿಂದ ಪಣಂಬೂರಿನ ತನಕ ಕಡಲ ಕರೆಯುದ್ದಕ್ಕೂ ಮೀನುಗಾರ ಮೊಗವೀರರ ಪಟ್ಣಗಳು, ಎಂದರೆ ಕೇರಿಗಳು, ಇವೆ. ಕಡಲಿಗಿಳಿಯುವವರು ನಂಬುವ ಬೊಬ್ಬರ್ಯ ಎಂಬ ದೈವ ಮುಸ್ಲಿಂ ವ್ಯಾಪಾರಿಯೊಬ್ಬನ ಮಗನೆಂದೂ ಕಡಲಲ್ಲಿ ತೀರಿಕೊಂಡು ದೈವವಾದನೆಂದೂ ಇಲ್ಲಿನ ಪಾಡ್ದನ ಎಂಬ ಹಾಡುಗಳ ನಂಬಿಕೆ. ಮೂಲ್ಕಿಯ ಬಪ್ಪನಾಡು ಕ್ಷೇತ್ರದ ಸ್ಥಳಪುರಾಣದಲ್ಲೂ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನೇ ಬರುತ್ತಾನೆ. ಸುರತ್ಕಲ್ ಎಂದರೆ ಟಿ.ವಿ.ಯಲ್ಲಿ ನಿಮಗೆ ಕೇಳಿಸುವುದು ಹೆಚ್ಚಾಗಿ ಕೋಮು ಜಗಳದ ಸುದ್ದಿ. ಆ ಸುದ್ದಿ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಹಡಗು ಬಂದು ಹೋಗುವ ಊರಿಗೆ ಈ ಹಳೆಯ ನೆನಪೂ ಇದೆ ಎಂದಷ್ಟೇ ಹೇಳಬಲ್ಲೆ.

ಇನ್ನೂ ಒಂದು ಮಾತು ಇದೆ, ಇದು ನಿಮಗಿಂತ ಹೆಚ್ಚಾಗಿ ನಮಗೇ ಹೇಳಿಕೊಳ್ಳಬೇಕಾದದ್ದು. ದೈವಕ್ಕೆ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯಗಳವರು. ಆಟಿ ಕಳೆಂಜನಾಗಿ ಮಳೆಯಲ್ಲಿ ಮನೆಮನೆ ಸುತ್ತುವವರೂ ನಲಿಕೆಯವರೇ. ರಾತ್ರಿ ಅವರ ಎದುರು ಬಾಗುವ ಊರು ಹಗಲು ಅವರನ್ನು ಎಲ್ಲಿ ಕೂರಿಸುತ್ತದೆ ಎಂಬುದು ಇಲ್ಲಿ ಇನ್ನೂ ಮುಗಿಯದ ಪ್ರಶ್ನೆ. ಯಕ್ಷಗಾನದವರ ಕಷ್ಟ ಬೇರೆ ಬಗೆಯದು. ಪತ್ತನಾಜೆಯಿಂದ ದೀಪಾವಳಿಯ ತನಕ ಮೇಳದ ಸಂಬಳ ಇಲ್ಲ. ಕೆಲವರು ಚಿಕ್ಕಮೇಳ ಕಟ್ಟುತ್ತಾರೆ, ಕೆಲವರು ಮುಂಬೈಗೆ ತಿರುಗಾಟ ಹೋಗುತ್ತಾರೆ, ಕೆಲವರು ಹೋಟೆಲಿಗೆ, ತೋಟದ ಕೆಲಸಕ್ಕೆ. ಇಂಥವರಿಗೆ ಮನೆ, ವಿಮೆ, ಚಿಕಿತ್ಸೆಯ ನೆರವು ಕೊಡಲೆಂದೇ ಭಾಗವತ ಪಟ್ಲ ಸತೀಶ್ ಶೆಟ್ಟಿಯವರು 2015ರಲ್ಲಿ ಫೌಂಡೇಶನ್ ಕಟ್ಟಿದರು. ಆಟ ನೋಡಿ ಮನಸ್ಸು ತುಂಬಿದರೆ ಮನೆಗೆ ಹೋದ ಮೇಲೆ ಕಲಾವಿದರ ಕ್ಷೇಮನಿಧಿಗೆ ಕೈಲಾದಷ್ಟು ಕಳಿಸಿ. ಚೌಕಿಯಲ್ಲಿ ನೂರರ ನೋಟು ತುರುಕುವುದಕ್ಕಿಂತ ಅದು ಮರ್ಯಾದೆಯ ದಾರಿ.

ಟೋಪಿ ಇಡುವವರು ಇಲ್ಲ ಎಂದೆನಲ್ಲ, ಅದು ನಮ್ಮವರ ಮಾತಾಯಿತು. ಬೇಸಿಗೆಯ ಸುರತ್ಕಲ್ ಪೇಟೆಯಲ್ಲಿ ಕೈಚಾಚಿ ಬದುಕುವ ಬೀದಿ ಕಲಾವಿದರೂ ನಿಮಗೆ ಸಿಗುತ್ತಾರೆ. ಆದರೆ ಅವರು ನಿಮ್ಮ ಕಡೆಯವರು. ಬೆನ್ನಿಗೆ ಬಣ್ಣದ ಬಟ್ಟೆ ಹೊದಿಸಿದ ಎತ್ತನ್ನು ಅಂಗಡಿ ಅಂಗಡಿಗೆ ತಂದು ತಲೆಯಾಡಿಸುವ ಕೋಲೆಬಸವದವರು, ದೇವಿಯ ಪೆಟ್ಟಿಗೆ ಹೊತ್ತ ಹೆಂಗಸಿನ ಉರುಮೆಯ ಸದ್ದಿಗೆ ಬಾರುಕೋಲಿನಿಂದ ಬರಿಮೈಗೆ ಹೊಡೆದುಕೊಳ್ಳುವ ದುರುಗಮುರುಗಿಯವರು, ಬಳ್ಳಾರಿ ಸೀಮೆಯ ಹಗಲುವೇಷದವರು. ಘಟ್ಟದ ಮೇಲೆ ಹೊಲದ ಕೆಲಸ ಮುಗಿದು ಒಣ ತಿಂಗಳು ಬಂದಾಗ ನಿಮ್ಮ ಹಾಗೆಯೇ ಕೆಳಗಿಳಿಯುತ್ತಾರೆ. ನಿಮಗೆ ಹೋಟೆಲು, ಅವರಿಗೆ ಫ್ಲೈಓವರಿನ ಅಡಿ. ಹುಲಿ ಎಲ್ಲಿ, ಕೋಲ ಎಲ್ಲಿ ಎಂದು ಕೇಳುತ್ತ ಬರುವ ನೀವು ಇವರನ್ನು ಕಂಡರೆ ಕಾರಿನ ಗಾಜು ಏರಿಸುತ್ತೀರಿ. ನಾವೂ ಅದನ್ನೇ ಮಾಡುತ್ತೇವೆ ಎನ್ನುವುದು ಬೇರೆ ಮಾತು. ರಾಮನೋ ಹನುಮಂತನೋ ಆಗಿ ನಿಮ್ಮೆದುರು ನಿಂತವನು ಬಯಲಾಟದ ವೇಷಧಾರಿಯಷ್ಟೇ ಕಲಾವಿದ. ವ್ಯತ್ಯಾಸ ಒಂದೇ, ಅವನ ಹಿಂದೆ ಖರ್ಚು ಹೊರುವ ಮನೆಯಿಲ್ಲ. ಅವನಿಗೆ ಕೊಡುವ ದುಡ್ಡು ಭಿಕ್ಷೆಯಲ್ಲ, ನೋಡಿದ ಆಟದ ಬೆಲೆ. ನಿಂತು ನೋಡಿ, ಮಾತಾಡಿಸಿ, ಕೊಡಿ. ಪುಟ್ಟ ಮಗುವನ್ನು ಹಗ್ಗದ ಮೇಲೆ ನಡೆಸುವ ಆಟ ಕಂಡರೆ ಮಾತ್ರ ಚಪ್ಪಾಳೆ ಬೇಡ, ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಮಾಡಿ.

ಉಳಿದದ್ದು ಕೆಲವು ಕಿವಿಮಾತು. ಏಪ್ರಿಲ್ ನಡುವೆ ಬರುವುದಾದರೆ ತುಳುವರ ಹೊಸವರ್ಷವಾದ ಬಿಸು ಕಳೆದ ವಾರದಲ್ಲಿ ಕಟೀಲಿನಲ್ಲಿ ಜಾತ್ರೆ. ಕೊನೆಗೆ ಅತ್ತೂರು, ಕೊಡೆತ್ತೂರು ಗ್ರಾಮದವರು ಬರಿಮೈಯಲ್ಲಿ ನಿಂತು ಉರಿಯುವ ತೂಟೆಗಳನ್ನು (ಪಂಜುಗಳನ್ನು) ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ತೂಟೆದಾರ ಎಂಬ ಆ ಸೇವೆಯನ್ನು ದೂರ ನಿಂತು ನೋಡಿ. ಅಲೆಯ ಮೇಲೆ ಹಲಗೆ ಹಾಯಿಸುವವರನ್ನು ನೋಡಬೇಕಿದ್ದರೆ ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುವ ಸಸಿಹಿತ್ಲು ಅಳಿವೆಗೆ ಹೋಗಿ, 2016ರ ಮೇ ತಿಂಗಳಲ್ಲಿ ಅಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಯೇ ನಡೆದಿತ್ತು. ನೀವು ಮಾತ್ರ ಮೇ ನಡುವಿನ ನಂತರ ಎಲ್ಲೂ ಕಡಲಿಗಿಳಿಯಬೇಡಿ. ಮೇಲಿನಿಂದ ನೋಡಿದರೆ ಶಾಂತವಾಗಿ ಕಂಡರೂ ಅಡಿಯ ಸೆಳೆತ ಬೇರೆ. ಸುರತ್ಕಲ್‌ನ ಲೈಟ್‌ಹೌಸಿನ ಕೆಳಗಿನ ಬಂಡೆಗಳ ಮೇಲೆ ಫೋಟೊಗೆಂದು ಹತ್ತಿ ಜೀವ ಕಳೆದುಕೊಂಡರೆ ನಿಮ್ಮವರಿಗೆ ನಾವು ಏನು ಹೇಳುವುದು? ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ನೆರಳು ಬಿಟ್ಟು ಹೊರಡಬೇಡಿ. ಬೊಂಡ ಕುಡಿಯಿರಿ, ಹತ್ತಿಬಟ್ಟೆ ತನ್ನಿ, ಆಟದ ಗದ್ದೆಗೆ ಹೊದೆಯಲು ಒಂದು ಬೈರಾಸು, ಹಾಸಲು ಒಂದು ಚಾಪೆ ಇರಲಿ. ಊಟದ ಪಂಕ್ತಿಯಲ್ಲಿ ಎಲೆ ಬಿಟ್ಟು ಏಳಬೇಡಿ, ಕುಡಿದು ಬರಬೇಡಿ, ಮಂಗಳ ಆಗುವ ಮೊದಲು ಎದುರಿನ ಸಾಲಿನಿಂದ ಎದ್ದು ಹೋಗಬೇಡಿ. ನೀವು ಎದ್ದು ಹೋದದ್ದು ವೇಷಧಾರಿಗೂ ಕಾಣುತ್ತದೆ, ಮನೆಯ ಯಜಮಾನನಿಗೂ ಕಾಣುತ್ತದೆ.

ಕೊನೆಗೆ ಬೇಡಿಕೆ ಒಂದೇ. ನಿಮ್ಮ ರಜೆಗೆ ನಮ್ಮ ಕಲೆಯನ್ನು ಹೊಂದಿಸಿಕೊಡಿ ಎಂದು ಕೇಳಬೇಡಿ. ಹಾಗೆ ಕೇಳುವವರು ಹೆಚ್ಚಾದರೆ ಹೊಂದಿಸಿಕೊಡುವವರೂ ಹುಟ್ಟುತ್ತಾರೆ, ಈಗಾಗಲೇ ಹುಟ್ಟಿದ್ದಾರೆ. ಆಮೇಲೆ ವರ್ಷಪೂರ್ತಿ ಹುಲಿ ಕುಣಿಯುತ್ತದೆ, ದಿನಾ ಸಂಜೆ ಏಳಕ್ಕೆ ರೆಸಾರ್ಟಿನಲ್ಲಿ ಕೋಲವೂ ಆಗುತ್ತದೆ, ಮತ್ತು ಅದನ್ನು ನೋಡಲು ಇಷ್ಟು ದೂರ ಬರುವ ಅಗತ್ಯ ನಿಮಗೇ ಇರುವುದಿಲ್ಲ. ನಿಮ್ಮ ರಜೆಯನ್ನೇ ಸ್ವಲ್ಪ ಆಚೀಚೆ ಮಾಡಿಕೊಳ್ಳಿ. ಹುಲಿಗೆ ನವರಾತ್ರಿ, ಕಳೆಂಜನಿಗೆ ಆಟಿ, ಆಟಕ್ಕೂ ನೇಮಕ್ಕೂ ಮೇ 24ರ ಒಳಗೆ. ಊಟ ನಮ್ಮ ಕಡೆಯಿಂದ.

ಇಂತಿ,
ಸುರತ್ಕಲ್‌ನ ಒಬ್ಬ ನಿವಾಸಿ